ಕಡಲ ಮುಂದೆ ನಿಂತ ಅಕ್ಕ

ಮಾರ್ಚ್ 4, ಸೋಮವಾರ

ಇವತ್ತೂ ಲಾಡ್ಜಿನ ಬೆಡ್‌ಶೀಟುಗಳೇ. ಮೆಷಿನ್ನಿನಿಂದ ತೆಗೆದು, ಕೊಡವಿ, ಇಬ್ಬರು ಎರಡು ತುದಿ ಹಿಡಿದು ಬಿಸಿ ರೋಲರಿಗೆ ಕೊಡಬೇಕು. ಸೊಟ್ಟ ಹೋದರೆ ಸುಟ್ಟುಹೋಗುತ್ತದೆ. ಆ ಕಡೆ ತುದಿಗೆ ಬಟನ್. ಲಾಂಡ್ರಿಗೆ ಬಂದ ಹೊಸದರಲ್ಲಿ ಕೋಟುಗಳಿಗೆ ಗುಂಡಿ ಹಾಕುತ್ತಿದ್ದಳಂತೆ, ಅದೇ ಹೆಸರು ಉಳಿಯಿತು. ಬಾಯಿಗೆ ಮಾತ್ರ ಬಟನ್ ಇಲ್ಲ.

ನಾನು ಬಂದು ಐದು ತಿಂಗಳು. ನನಗೂ ಅವಳಿಗೂ ಒಂದೇ ರೂಮು. ಕಿಟಕಿಯಿಂದ ಕಡಲು ಕಾಣುವುದಿಲ್ಲ, ವಾಸನೆ ಬರುತ್ತದೆ.

ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಅಕ್ಕನನ್ನು ನೋಡುತ್ತ ಕೂತಿದ್ದೆ. ಬಟನ್ ಇಣುಕಿದಳು. ಫೋಟೋ ಅಲ್ಲ, ಬಣ್ಣದಲ್ಲಿ ಬರೆದ ಚಿತ್ರ ಎಂದೆ. ಮನೆಯ ಗೋಡೆಯ ಮೇಲಿರುವುದು. ಹೊರಡುವ ದಿನ ಮೊಬೈಲಿನಲ್ಲಿ ಹಿಡಿದುಕೊಂಡೆ. ಕೆಳಗಡೆ ಅಮ್ಮನ ಔಷಧಿಯ ಶೆಲ್ಫು ಅಡ್ಡ ಬಂದು, ಅಕ್ಕ ಮೊಣಕಾಲಿನ ತನಕ ಮಾತ್ರ ಸಿಕ್ಕಿದ್ದಾಳೆ. ನೀಲಿ ಗೌನು. ಹೆಗಲ ಮೇಲೆ ಬಿಳಿ ಶಾಲು. ಎಡಗೈ ಶಾಲಿನ ತುದಿ ಹಿಡಿದಿದೆ, ಬೆರಳಲ್ಲಿ ಉಂಗುರ. ಹಿಂದೆ ಕಡಲು, ತುಂಬ ದೂರದಲ್ಲಿ ಉಗುರಿನಷ್ಟು ಹಡಗು.

ಚೆನ್ನಾಗಿದ್ದಾಳೆ, ಈಗೆಲ್ಲಿದ್ದಾಳೆ ಎಂದು ಕೇಳಿದಳು ಬಟನ್.

ಅದು ಗೊತ್ತಿದ್ದರೆ ಇಲ್ಲಿ ಬಂದು ಬೆಡ್‌ಶೀಟ್ ಹಿಡಿಯುತ್ತಿದ್ದೆನೇ. ಹೇಳಲಿಲ್ಲ. ನನ್ನ ಉತ್ತರ ಬಾಯಿಗೆ ಬರುವಷ್ಟರಲ್ಲಿ ಯಾವಾಗಲೂ ಬೆಲ್ಲು ಹೊಡೆದಿರುತ್ತದೆ.

ಮಾರ್ಚ್ 7

ಡ್ಯೂಟಿ ಮುಗಿಸಿ ಬಂದರಿನ ಕಡೆ ಹೋದೆ. ನಾಲ್ಕನೆಯ ಸಲ. ಅಕ್ಕ ಕೆಲಸ ಮಾಡುತ್ತಿದ್ದ ಮೀನಿನ ಪ್ಯಾಕಿಂಗ್ ಶೆಡ್ಡು ಈಗ ಲಾರಿ ನಿಲ್ಲಿಸುವ ಜಾಗ. ವಾಚ್‌ಮನ್ ದೂರದಿಂದಲೇ ಕೈ ಆಡಿಸಿದ. ಆ ಹೆಂಗಸರು ನೂರು ಊರಿಂದ ಬಂದಿದ್ದರು, ಶೆಡ್ಡು ಮುಚ್ಚಿದ ಮೇಲೆ ನೂರು ಊರಿಗೆ ಹೋದರು, ನಾನೇನು ಅವರ ಬೆನ್ನ ಹಿಂದೆ ಹೋಗಿದ್ದೆನಾ ಎಂದ. ಅವನದೂ ತಪ್ಪಿಲ್ಲ, ಶೆಡ್ಡು ಮುಚ್ಚಿದ ಮೇಲೆ ಬಂದವನು.

ಏಳು ವರ್ಷ. ಅಕ್ಕ ಹೊರಟ ದಿನ ಅಪ್ಪ ಬಾಗಿಲಲ್ಲಿ ನಿಂತು, ಹೋಗೋದಾದರೆ ಹೋಗು, ಮತ್ತೆ ಈ ಹೊಸ್ತಿಲು ತುಳಿಯಬೇಡ ಎಂದಿದ್ದ. ಎರಡು ತಿಂಗಳು ಪಕ್ಕದ ಮನೆ ಚಿಕ್ಕಮ್ಮನ ನಂಬರಿಗೆ ಫೋನ್ ಬರುತ್ತಿತ್ತು. ಆಮೇಲೆ ನಿಂತಿತು. ಸಿಟ್ಟು ಅಂದುಕೊಂಡೆವು. ಮತ್ತೆ ನಾಲ್ಕು ತಿಂಗಳಿಗೆ ಪೋಸ್ಟಿನಲ್ಲಿ ಈ ಚಿತ್ರ. ಕಾಗದ ಇಲ್ಲ. ಕಳಿಸಿದವರ ವಿಳಾಸ ಇಲ್ಲ. ಅಕ್ಕನಿಗೆ ಬರೆಯಲು ಬರುತ್ತಿರಲಿಲ್ಲ. ನಾನಾದರೂ ನಾಲ್ಕನೇ ಕ್ಲಾಸಿನ ತನಕ ಹೋದೆ, ಅವಳಿಗೆ ಅದೂ ಇಲ್ಲ. ಸಿಟ್ಟು ಇಳಿದಿದೆ, ಅದನ್ನು ಹೇಳಲು ಚಿತ್ರ ಕಳಿಸಿದ್ದಾಳೆ ಎಂದಳು ಅಮ್ಮ. ಗೋಡೆಗೆ ಮೊಳೆ ಹೊಡೆದವಳೂ ಅವಳೇ.

ಅಪ್ಪ ಇರುವ ತನಕ ಹುಡುಕಲು ಬಿಡಲಿಲ್ಲ. ಹೋದ ವರ್ಷ ಅಪ್ಪನೂ ಹೋದ. ನಾನು ಹೊರಟೆ.

ಮಾರ್ಚ್ 10, ಭಾನುವಾರ

ಅಮ್ಮನ ಜೊತೆ ಫೋನು. ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಅವಳು ಮಲಗಿದಲ್ಲೇ. ಮಂಚದ ಎದುರಿನ ಗೋಡೆಯಲ್ಲೇ ಅಕ್ಕ. ಅಮ್ಮ ಆ ಚಿತ್ರ ಓದುವ ಹಾಗೆ ನಮ್ಮ ಮೇಷ್ಟ್ರು ಪುಸ್ತಕ ಓದಿದ್ದಿಲ್ಲ.

ಉಂಗುರ ಇದೆ, ಅಂದರೆ ಮದುವೆಯಾಗಿದೆ. ತೋಳು ತುಂಬಿಕೊಂಡಿದೆ, ಅಂದರೆ ಹೊಟ್ಟೆಗೆ ಕೊರತೆ ಇಲ್ಲ. ಶಾಲು ಇದೆ, ಅಂದರೆ ಥಂಡಿಯಾದೀತು ಎಂದು ನೋಡಿಕೊಳ್ಳುವ ಗಂಡ. ಇವೆಲ್ಲ ಹಳೆಯವು. ಅಪ್ಪ ಒಂದು ವರ್ಷ ಚಿತ್ರದ ಕಡೆ ಮುಖ ಹಾಕಿರಲಿಲ್ಲ. ಒಂದು ದಿನ ಊಟಕ್ಕೆ ಕೂತವನು ತಾನಾಗಿಯೇ, ಎಡಗಾಲು ಮುಂದಿದೆ ನೋಡು, ಈ ಕಡೆ ಬರ್ತಿದ್ದಾಳೆ ಎಂದ. ಅಲ್ಲಿಂದ ಸಾಯುವ ತನಕ ಧೂಳು ಒರೆಸುವುದು ಅವನ ಕೆಲಸವಾಯಿತು. ಬೇರೆ ಯಾರೂ ಮುಟ್ಟುವಂತಿಲ್ಲ.

ನನಗೆ ಮಾತ್ರ ಆ ಕೈ ಸರಿಬರುತ್ತಿರಲಿಲ್ಲ. ಅಕ್ಕನದು ಮೋಟು ಬೆರಳು. ಚಿತ್ರದಲ್ಲಿ ಉದ್ದ. ಬರೆದವನು ಮರ್ಯಾದೆಗೆ ಉದ್ದ ಮಾಡಿರಬೇಕು ಅಂದುಕೊಂಡಿದ್ದೆ.

ಇವತ್ತು ಅಮ್ಮ ಹೊಸದು ಕಂಡುಹಿಡಿದಿದ್ದಾಳೆ.

"ಶಾಲು ಎಲ್ಲಿ ಹಿಡ್ಕೊಂಡಿದ್ದಾಳೆ ನೋಡಿದ್ಯಾ? ಹೊಟ್ಟೆ ಮೇಲೆ. ಬಸುರಿ ಕಣೇ ಆವಾಗ. ಮುಚ್ಚಿಕೊಂಡಿದ್ದಾಳೆ."

ನಾನು ಹೂಂ ಎಂದೆ.

"ಹಾಗಾದ್ರೆ ಮಗುಗೆ ಆರು ತುಂಬಿರುತ್ತೆ. ಆರು ವರ್ಷಕ್ಕೆ ಯಾವ ಅಳತೆ ಟೋಪಿ ಹೆಣೀಬೇಕು? ನಿಮ್ಮ ಚಿಕ್ಕಮ್ಮಂಗೆ ಗೊತ್ತಿಲ್ವಂತೆ. ಅಲ್ಲಿ ಯಾರನ್ನಾದ್ರೂ ಕೇಳು."

ಬಟನ್ನಿಗೆ ಕೇಳಿದೆ. ತಲೆಗಿಂತ ಸ್ವಲ್ಪ ದೊಡ್ಡದು ಎಂದಳು.

ಮಾರ್ಚ್ 15, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಗಾಡಿಯ ಜೊತೆ ಹೋಗುವವಳು ರಜ. ಬೆಡ್‌ಶೀಟ್ ಗಂಟು ಇಳಿಸಲು ಲಾಡ್ಜಿಗೆ ನನ್ನನ್ನು ಕಳಿಸಿದರು. ಮೊದಲ ಸಲ ಒಳಗೆ ಹೋದದ್ದು. ಕೌಂಟರಿನ ಹಿಂದೆ, ಬೀಗದ ಕೈ ನೇತುಹಾಕುವ ಹಲಗೆಯ ಮೇಲ್ಗಡೆ… ಅಕ್ಕನ ಚಿತ್ರ. ಅದೇ ನೀಲಿ ಗೌನು, ಅದೇ ಶಾಲು, ಅದೇ ಉಂಗುರ, ಹಡಗು ಅದೇ ಮೂಲೆಯಲ್ಲಿ. ಮುಖ ಮಾತ್ರ ಒಬ್ಬ ಮುದುಕಿಯದು.

ಎಷ್ಟು ಹೊತ್ತು ನಿಂತೆನೋ. ಕೌಂಟರಿನ ಹೆಂಗಸು ಸಹಿ ಹಾಕಿದ ಚೀಟಿ ಚಾಚಿಕೊಂಡೇ ಇದ್ದಳು. ಅದು ನಮ್ಮಮ್ಮ ಎಂದಳು. ಬಸ್ ಡಿಪೋ ಹಿಂದೆ ಒಬ್ಬರು ಮಾಸ್ತರರಿದ್ದಾರೆ, ಅವರೇ ಬರೆಯುವುದು, ನಿನಗೂ ಯಾರದಾದರೂ ಬರೆಸಬೇಕಾ ಎಂದು ಮೆತ್ತಗೆ ಕೇಳಿದಳು. ಯಾಕೆ ಅಷ್ಟು ಮೆತ್ತಗೆ ಕೇಳಿದಳೋ.

ಮಾರ್ಚ್ 17, ಭಾನುವಾರ

ಬೆಳಿಗ್ಗೆ ಮಾಸ್ತರರ ಅಂಗಡಿ. ಅಂಗಡಿ ಅಂದರೆ ಶಟರ್ ಎತ್ತಿದ ಉದ್ದದ ಗ್ಯಾರೇಜು, ಸೀಮೆಎಣ್ಣೆಯ ವಾಸನೆ. ಗೋಡೆಗೆ ಒರಗಿಸಿಟ್ಟ ಒಂಬತ್ತು ಅಕ್ಕಂದಿರು. ಒಂಬತ್ತಕ್ಕೂ ಮುಖ ಇಲ್ಲ. ಕುತ್ತಿಗೆಯ ಮೇಲೆ ಮೊಟ್ಟೆಯಾಕಾರದ ಬಿಳಿ ಜಾಗ.

ಮಾಸ್ತರರಿಗೆ ಎಪ್ಪತ್ತರ ಹತ್ತಿರ. ಒಳಗೆ ಬಾ ಮಗು ಎಂದರು. ನಾನು ಕೇಳುವ ಮೊದಲೇ ಅವರೇ ಹೇಳುತ್ತ ಹೋದರು. ಕಡಲು ಒಂದು ದಿನ, ಗೌನು ಒಂದು ದಿನ, ಕೈ ಒಂದು ದಿನ. ಬಿಡುವಿದ್ದಾಗ ಮೈ ರೆಡಿ ಮಾಡಿ ಇಟ್ಟುಕೊಳ್ಳುವುದು. ಗಿರಾಕಿ ಫೋಟೋ ತಂದರೆ ಮುಖ ಕೂರಿಸುವುದು, ಎರಡು ದಿನದ ಕೆಲಸ. ಎಲ್ಲರಿಗೂ ಅದೇ ಕೈಯಾ ಎಂದು ಹೇಗೋ ಕೇಳಿದೆ.

"ಕೈ ನನ್ನ ಹೆಂಡತೀದು. ಉಂಗುರಾನೂ ಅವಳದೇ. ಈ ಊರಿನ ಹೆಂಗಸರೆಲ್ಲ ಅದನ್ನ ಹಾಕ್ಕೊಂಡು ನಿಂತಿದ್ದಾರೆ, ಅವಳ ಬೆರಳಿಗೆ ಮಾತ್ರ ಈಗ ಹೋಗಲ್ಲ."

ಅವರು ನಕ್ಕರು. ನಾನೂ ನಕ್ಕಿರಬೇಕು. ಮದುವೆ ಹೋಯಿತು. ತುಂಬಿದ ತೋಳು ಹೋಯಿತು. ಗಂಡ, ಮಗು, ಟೋಪಿ… ಅಪ್ಪನ ಎಡಗಾಲೂ ಹೋಯಿತು. ಒಂಬತ್ತು ಜನರದೂ ಎಡಗಾಲು ಮುಂದೆ.

ಮೊಬೈಲಿನ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ನನ್ನ ಕೆಲಸವೇ ಎಂದರು. ಕೆಳಗಡೆ ಯಾಕಿಲ್ಲ ಎಂದರು. ಶೆಲ್ಫು ಅಡ್ಡ ಇತ್ತು ಎಂದೆ.

"ಕಾಲ ಹತ್ತಿರ ಮರಳಿನ ಮೇಲೆ ನೆರಳು ಇತ್ತಾ, ನೆನಪಿದೆಯಾ?"

ನೆನಪಿಲ್ಲ. ಆರು ವರ್ಷ ದಿನಾ ನೋಡಿದ್ದೇನೆ, ನೆನಪಿಲ್ಲ.

ಮಾಸ್ತರರು ಬ್ರಷ್ ತೊಳೆಯಲು ಹೋದರು. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದರು. ನಾನು ಹೋಗಲಿಲ್ಲ. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದರು. ಬದುಕಿರುವವರು ಬರೆಸಿಕೊಂಡರೆ ನೆರಳು ಕಡೆಗೆ ಹಾಕುವುದು, ಅವರೆದುರಿಗೇ. ಹೋದವರ ಫೋಟೋ ತಂದರೆ ನೆರಳು ಹಾಕುವುದಿಲ್ಲ. ಅವರ ಗುರುಗಳ ಕಾಲದಿಂದ ಹೀಗೆ. ಇಲ್ಲಿನವರಿಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ, ನೋಡಿದ ತಕ್ಷಣ ಗೊತ್ತಾಗುತ್ತದೆ.

ಅದೇ ದಿನ, ಸಂಜೆ 5

ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಅಕ್ಕನ ಕಾಲ ಹತ್ತಿರ ಏನಿದೆ, ಸ್ವಲ್ಪ ನೋಡು."

"ಮರಳು."

"ಮರಳಿನ ಮೇಲೆ?"

"ಮರಳಿನ ಮೇಲೆ ಕಾಲು. ಇನ್ನೇನಿರುತ್ತೆ?"

"ನೆರಳು ಇದೆಯಾ?"

ಅಮ್ಮನ ಸೊಂಟ ಹೋಗಿದೆ, ಕಣ್ಣು ಹೋಗಿಲ್ಲ. ಈಗಲೂ ಸೂಜಿಗೆ ಒಂದೇ ಸಲಕ್ಕೆ ದಾರ ಹಾಕುತ್ತಾಳೆ. ಚಿಕ್ಕಮ್ಮನಿಗೆ ಕಿಟಕಿ ತೆಗೆಯಲು ಹೇಳಿದ್ದು ಕೇಳಿಸಿತು. ಶೆಲ್ಫು ಎಳೆದ ಸದ್ದು.

"ಇಲ್ಲ. ಚೊಕ್ಕವಾಗಿದೆ. ಯಾಕೆ?"

ಸುಮ್ಮನೆ ಎಂದೆ.

"ನೆರಳು ಬಿದ್ದಿದ್ರೆ ಕಾಲು ಕಪ್ಪಾಗಿ ಕಾಣ್ತಿತ್ತು. ಬರೆದೋನು ಬುದ್ಧಿವಂತ."

ಮಾರ್ಚ್ 18

ಡ್ಯೂಟಿ.

ಮಾರ್ಚ್ 19

ಡ್ಯೂಟಿ. ಎರಡು ಬೆಡ್‌ಶೀಟ್ ಸುಟ್ಟೆ. ಸೂಪರ್‌ವೈಸರಮ್ಮ ಬೈದರು. ಬಟನ್ ತಾನೇ ಸುಟ್ಟದ್ದು ಎಂದಳು. ನನ್ನ ಮುಖ ನೋಡಿಯೇ ಏನೋ ಗೊತ್ತಾಗಿದೆ ಅವಳಿಗೆ, ಕೇಳಿಲ್ಲ. ಕೇಳದೆ ಇರುವುದು ಅವಳಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಮಾರ್ಚ್ 28, ಗುರುವಾರ

ಮತ್ತೆ ಹೋದೆ. ಒಮ್ಮೊಮ್ಮೆ ನೆರಳು ಹಾಕಲು ಮರೆಯುವುದೂ ಉಂಟಲ್ಲವಾ ಎಂದು ಕೇಳಬೇಕಿತ್ತು. ಹತ್ತು ದಿನ ಅದೊಂದೇ ಮಾತನ್ನು ಬಾಯಿಪಾಠ ಮಾಡಿದ್ದೆ. ಕೇಳಿದೆ.

ಉಂಟು, ನಾನೂ ಮನುಷ್ಯನೇ ಎಂದರು ಮಾಸ್ತರರು. ಆಮೇಲೆ ಮೊಬೈಲ್ ಇನ್ನೊಮ್ಮೆ ಕೊಡು ಎಂದರು. ಬೆರಳಲ್ಲಿ ಅಕ್ಕನ ಮುಖ ದೊಡ್ಡದು ಮಾಡಿದರು. ಮೂಗಿನ ಪಕ್ಕದ ಮಚ್ಚೆಯ ಹತ್ತಿರ ಬೆರಳು ನಿಂತಿತು.

ಏಳು ವರ್ಷದ ಹಿಂದೆ ಶೆಡ್ಡಿನ ಕೋಲ್ಡ್ ರೂಮಿನಲ್ಲಿ ಗ್ಯಾಸ್ ಸೋರಿತಂತೆ. ಬಾಗಿಲು ಹೊರಗಿನಿಂದ ಹಾಕಿತ್ತು. ಆರು ಜನ. ಮಾಲೀಕರು ರಾತ್ರೋರಾತ್ರಿ ಬೀಗ ಜಡಿದು ಹೋದರು. ಯಾರ ಮನೆಗೂ ತಿಳಿಸಿದವರಿಲ್ಲ. ಜೊತೆಯ ಹೆಂಗಸರು ಎಲ್ಲರೂ ಸೇರಿ ಆರು ಚಿತ್ರ ಬರೆಸಿ, ಹೋದವರ ಪೆಟ್ಟಿಗೆಗಳಲ್ಲಿ ಸಿಕ್ಕ ವಿಳಾಸಗಳಿಗೆ ಕಳಿಸಿದರು. ಅವರಲ್ಲಿ ಒಬ್ಬರಿಗೂ ಕಾಗದ ಬರೆಯಲು ಬರುತ್ತಿರಲಿಲ್ಲ. ಚಿತ್ರವೇ ಕಾಗದ.

"ಆ ಮಚ್ಚೆ ಫೋಟೋ ಮೇಲಿನ ಕೊಳೆ ಅಂದ್ಕೊಂಡು ಬಿಟ್ಟಿದ್ದೆ. ಜೊತೆಯವಳೊಬ್ಬಳು ಜಗಳಕ್ಕೇ ನಿಂತ್ಲು. ಮಚ್ಚೆ ಇಲ್ದೆ ಇವಳು ಇವಳಲ್ಲ ಅಂತ. ಮತ್ತೆ ಹಾಕಿಕೊಟ್ಟೆ." ಮೊಬೈಲ್ ನನ್ನ ಕೈಗೆ ಕೊಟ್ಟು, "ನೋಡಿದೋರಿಗೆ ಅರ್ಥವಾಗುತ್ತೆ ಅಂದ್ಕೊಂಡ್ವಿ ಮಗು. ಎಲ್ಲೂ ಹೀಗೇ ಅಂದ್ಕೊಂಡಿದ್ವಿ."

ನಮಗೆ ಅರ್ಥವಾಗಲಿಲ್ಲ. ಸಾವಿನ ಸುದ್ದಿಯನ್ನು ಗೋಡೆಗೆ ಹಾಕಿಕೊಂಡು ಅದರೆದುರು ಆರು ವರ್ಷ ಊಟ ಮಾಡಿದೆವು. ಅಪ್ಪ ಅದರ ಧೂಳು ಒರೆಸಿ ಒರೆಸಿ ಸತ್ತ.

ಬಂದರಿನ ಹಿಂದಿನ ದಿಬ್ಬದಲ್ಲಿ ಮಣ್ಣು ಮಾಡಿದ್ದಾರಂತೆ. ಹೋಗಿ ನೋಡಿದೆ. ಹುಲ್ಲು. ಆರರಲ್ಲಿ ಯಾವುದು ಅಂತ ಹೇಳುವವರಿಲ್ಲ. ಎಲ್ಲದರ ಹತ್ತಿರವೂ ಸ್ವಲ್ಪ ಸ್ವಲ್ಪ ಹೊತ್ತು ಕೂತೆ.

ಮಾರ್ಚ್ 31, ಭಾನುವಾರ

ಹೇಳಿಬಿಡಬೇಕು ಅಂತಲೇ ಫೋನ್ ಮಾಡಿದೆ. ಎತ್ತಿದವಳು ಚಿಕ್ಕಮ್ಮ. ನಾಲ್ಕು ದಿನದಿಂದ ನಿಮ್ಮಮ್ಮ ತಟ್ಟೆ ಮುಟ್ಟಿಲ್ಲ, ದೊಡ್ಡವಳು ಬರಲಿ, ಅವಳ ಕೈಯಿಂದ ಉಣ್ಣುತ್ತೇನೆ ಅಂತ ಹಟ, ಡಾಕ್ಟರು ಹೀಗಾದರೆ ತಿಂಗಳು ಉಳಿಯುವುದು ಕಷ್ಟ ಎಂದಿದ್ದಾರೆ, ಏನಾದರೂ ಸುಳಿವು ಸಿಕ್ಕಿತಾ ಎಂದಳು.

ಆಮೇಲೆ ಫೋನು ಅಮ್ಮನ ಕೈಗೆ.

"ಸಿಕ್ಕಿದ್ಲಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇನ್ನೂ ಇಲ್ಲ ಅಮ್ಮ, ಹತ್ತಿರ ಬಂದಿದ್ದೇನೆ ಎಂದೆ.

ಏಪ್ರಿಲ್ 5

ಮಾಸ್ತರರ ಹತ್ತಿರ ಇಷ್ಟು ಮಾತಾಡಿದ್ದು ಜನ್ಮದಲ್ಲೇ ಮೊದಲು. ಅಕ್ಕನದು ಇನ್ನೊಂದು ಬರೆದುಕೊಡಿ ಎಂದೆ. ಏಳು ವರ್ಷ ದೊಡ್ಡವಳಾದ ಅಕ್ಕ. ಫೋಟೋ ಎಲ್ಲಿ ಎಂದರು. ನಾನೇ ಎಂದೆ. ಮಚ್ಚೆಯೊಂದು ಬಿಟ್ಟರೆ ನಮ್ಮಿಬ್ಬರದು ಒಂದೇ ಅಚ್ಚು ಎಂದು ಎಲ್ಲರೂ ಹೇಳುತ್ತಾರೆ.

ಅಲ್ಲಿಯ ತನಕ ಒಪ್ಪಿದರು. ನೆರಳೂ ಬೇಕು ಎಂದಾಗ ಸ್ಟೂಲಿನಿಂದ ಎದ್ದರು.

"ಹೋದೋರಿಗೆ ನಾನು ನೆರಳು ಕೊಟ್ಟಿಲ್ಲ. ನಿಮ್ಮಮ್ಮಂಗೆ ಈ ಲೆಕ್ಕ ಗೊತ್ತೇ ಇಲ್ಲ ಅಂದ್ಮೇಲೆ ನೆರಳು ಯಾಕೆ ಬೇಕು?"

"ಅಮ್ಮಂಗೆ ಬೇಡ. ನಂಗೆ ಬೇಕು."

ಮಾಸ್ತರರು ಮತ್ತೆ ಸ್ಟೂಲಿನ ಮೇಲೆ ಕೂತರು. ಭಾನುವಾರ ಬಾ, ತಲೆಗೆ ಎಣ್ಣೆ ಹಾಕಿಕೊಳ್ಳಬೇಡ, ಬೆಳಕು ಹೊಳೆಯುತ್ತದೆ ಎಂದರು.

ಏಪ್ರಿಲ್ 7, ಭಾನುವಾರ

ಮೂರು ಗಂಟೆ ಕೂತೆ. ಕಿಟಕಿ ನೋಡು, ನನ್ನ ನೋಡಬೇಡ ಎಂದರು. ಯಾರೂ ನನ್ನನ್ನು ಇಷ್ಟು ಹೊತ್ತು ನೋಡಿದ್ದಿಲ್ಲ. ಕುತ್ತಿಗೆ ಬೆವರಿತು.

ಬಿಳಿ ಮೊಟ್ಟೆಯಲ್ಲಿ ಮೊದಲು ಮೂಗು ಬಂತು. ಆಮೇಲೆ ಕಣ್ಣು. ಕಣ್ಣಿನ ಕೆಳಗೆ ಸ್ವಲ್ಪ ಕಪ್ಪು, ಬಾಯಿಯ ಪಕ್ಕ ಒಂದು ಗೆರೆ. ಕಡೆಗೆ ಮಚ್ಚೆ. ಮಚ್ಚೆ ಇಡುವ ತನಕ ನಾನಾಗಿದ್ದೆ. ಇಟ್ಟ ಮೇಲೆ ಅಲ್ಲ. ಎದ್ದು ಗೋಡೆಯ ಕಡೆ ತಿರುಗಿ ನಿಂತೆ. ಮಾಸ್ತರರು ಡಬ್ಬಿಗಳ ಮುಚ್ಚಳ ಹಾಕುತ್ತಿದ್ದರು.

ಪಕ್ಕದಲ್ಲಿ ಆರು ವರ್ಷದ ಮಗು ಬರೆಯಬಹುದಾ ಎಂದು ಕೇಳೋಣ ಅನ್ನಿಸಿತು. ಕೇಳಿಯೂ ಬಿಟ್ಟೆ. ಮಗುವಿಗೆ ರೆಡಿ ಮೈ ಇಲ್ಲ ಎಂದರು.

ಏಪ್ರಿಲ್ 9

ಚಿತ್ರ ಒಣಗಿದೆ. ಮಾಸ್ತರರು ಕಂದು ಮತ್ತು ನೀಲಿ ಬೆರೆಸಿ ತಟ್ಟೆಯಲ್ಲಿ ಇಟ್ಟರು. ಪಕ್ಕದಲ್ಲಿ ಚಪ್ಪಟೆ ಬ್ರಷ್. ಚಹಾ ಕುಡಿದು ಬರ್ತೀನಿ, ಅರ್ಧ ಗಂಟೆ ಆಗುತ್ತೆ ಎಂದರು. ಶಟರಿನ ಹತ್ತಿರ ನಿಂತು, ಬೆಳಕು ಬಲಗಡೆಯಿಂದ ಎಂದು ಹೇಳಿ ಹೋದರು.

ನಾನೇ ಹಾಕಿದೆ. ಹಿಮ್ಮಡಿಯಿಂದ ಶುರುಮಾಡಿ ಎಡಕ್ಕೆ. ಬ್ರಷ್ ಹಿಡಿದು ಅಭ್ಯಾಸವಿಲ್ಲ, ಅಂಚು ಅಲ್ಲಲ್ಲಿ ಅಲುಗಿದೆ. ಒಂದು ಗೇಣು ಉದ್ದದ ನೆರಳು. ಅಷ್ಟಕ್ಕೇ ಅವಳು ಮರಳಿನ ಮೇಲೆ ಭಾರ ಬಿಟ್ಟು ನಿಂತ ಹಾಗಾಯಿತು.

ಮಾಸ್ತರರು ವಾಪಸು ಬಂದು ಚಿತ್ರ ಸುತ್ತಿ ಕೊಟ್ಟರು. ಕೆಳಗಡೆ ನೋಡಲಿಲ್ಲ.

ಏಪ್ರಿಲ್ 10

ಪೋಸ್ಟ್ ಮಾಡಿದೆ. ಕಳಿಸಿದವರು ಎಂಬಲ್ಲಿ ಏನು ಬರೆಯಬೇಕು ಅಂತ ಕೌಂಟರಿನಲ್ಲಿ ಕೇಳಿದರು. ಖಾಲಿ ಬಿಟ್ಟರೆ ಆಗುತ್ತದಾ ಎಂದೆ. ಆಗುತ್ತದೆ, ಬಹಳ ಜನ ಬಿಡುತ್ತಾರೆ ಎಂದರು.

ಏಪ್ರಿಲ್ 19, ಶುಕ್ರವಾರ

ಊಟದ ಬಿಡುವಿನಲ್ಲಿ ಅಮ್ಮನೇ ಫೋನ್. ದನಿ ಗಟ್ಟಿಯಾಗಿದೆ. ದಿಂಬಿಗೆ ಒರಗಿ ಕೂತಿದ್ದಾಳಂತೆ. ಬೆಳಿಗ್ಗೆ ಎರಡು ಸಲ ಬಡಿಸಿಕೊಂಡು ತಿಂದಳಂತೆ. ಹಳೆಯ ಚಿತ್ರದ ಪಕ್ಕದಲ್ಲೇ ಹೊಸದನ್ನು ಹಾಕಿಸಿದ್ದಾಳೆ. ಬೀದಿಯವರೆಲ್ಲ ಬಂದು ನೋಡಿ ಹೋದರಂತೆ.

ಇದಕ್ಕೇ ಅಲ್ಲವಾ ಕಳಿಸಿದ್ದು. ಊಟದ ಡಬ್ಬಿ ಮುಚ್ಚಿಟ್ಟೆ.

"ಸೊರಗಿದ್ದಾಳೆ. ಕಣ್ಣ ಕೆಳಗೆಲ್ಲ ಕಪ್ಪು. ಆ ಗಂಡ ಸರಿಯಿಲ್ಲ ಅಂತ ಕಾಣುತ್ತೆ, ಕೇಳಿದ್ಯಾ ನೀನು? ಹೋಗಲಿ, ಸಿಕ್ಕಿದ್ಲಲ್ಲ. ಹೆಸರಿಲ್ದಿದ್ರೂ ನೀನೇ ಕಳಿಸಿದ್ದು ಅಂತ ಗೊತ್ತಾಯ್ತು. ನೀನು ಆವತ್ತು ನೆರಳು ನೆರಳು ಅಂದೆ, ಈ ಸಲ ಹಾಕ್ಸಿದ್ದೀಯ. ಗಮನಿಸಿದೆ."

ಏನು ಗಮನಿಸಿದಳೋ.

ಜೊತೆಗೆ ಕರೆದುಕೊಂಡು ಬಾ ಎಂದಳು. ಕೆಲಸ ಇದೆ ಅಮ್ಮ, ಅವಳಿಗೆ ರಜ ಸಿಗಬೇಕು ಎಂದೆ. ಸುಳ್ಳು ಒಂದು ಹೇಳಿದರೆ ಉಳಿದವು ತಾವಾಗಿ ಬಂದು ನಿಲ್ಲುತ್ತವೆ.

"ಅವಳನ್ನ ಕರ್ಕೊಂಡೇ ಬಾ. ಒಬ್ಬಳೇ ಬರೋದಾದ್ರೆ ಬರಬೇಡ." ಅಪ್ಪನ ಹಾಗೆಯೇ ಹೇಳಿದಳು. ಹಾಗೆ ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. "ಭಾನುವಾರ ನಾಲ್ಕು ಗಂಟೆಗೆ ನಾನೇ ಮಾಡ್ತೀನಿ. ಫೋನ್ ಅವಳ ಕೈಗೆ ಕೊಡು. ಅವಳ ಮಾತು ಕೇಳ್ಬೇಕು ನಂಗೆ."

ಏಪ್ರಿಲ್ 20

ಮಾಸ್ತರರಿಗೆ ಹೇಳಿದೆ. ಅದಕ್ಕೆ ನನ್ನ ಹತ್ತಿರ ಬಣ್ಣ ಇಲ್ಲ ಮಗು ಎಂದರು.

ಏಪ್ರಿಲ್ 21, ಭಾನುವಾರ, ಮಧ್ಯಾಹ್ನ 3.40

ಬಟನ್ನಿಗೆ ಎಲ್ಲ ಹೇಳಿಬಿಟ್ಟೆ. ಮೊದಲು ಅತ್ತಳು. ಆಮೇಲೆ, ಮುಖ ಕೊಟ್ಟವಳು ನೀನು, ಮಾತೂ ನೀನೇ ಕೊಡು, ಗಂಟಲು ಕೆಟ್ಟಿದೆ ಅನ್ನು, ನೆಗಡಿ ಅನ್ನು, ಎರಡೇ ಮಾತು ಸಾಕು ಎಂದಳು. ಇಲ್ಲವಾದರೆ ನಿಜ ಹೇಳು, ಮೂರನೆಯದು ಇಲ್ಲ ಎಂದಳು.

ನಿಜ ಹೇಳಿದರೆ ಅಮ್ಮ ಇವತ್ತೇ ತಟ್ಟೆ ದೂಡುತ್ತಾಳೆ. ಹೇಳದಿದ್ದರೆ ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಾನು ಅಕ್ಕ. ಎರಡರಲ್ಲಿ ಯಾವುದು ಮಾಡಿದರೂ ಮನೆಗಂತೂ ದಾರಿ ಇಲ್ಲ.

3.50

ಅಕ್ಕನ ಮಾತು ನೆನಪು ಮಾಡಿಕೊಳ್ಳುತ್ತಿದ್ದೇನೆ. ಜಡೆ ಹಾಕುವಾಗ ಬೆರಳು ಎಳೆಯುತ್ತಿದ್ದುದು ನೆನಪಿದೆ. ಒಲೆಯ ಮುಂದೆ ಕೂತ ಬೆನ್ನು ನೆನಪಿದೆ. ದನಿ ಬರುತ್ತಿಲ್ಲ. ಅವಳು ಅಮ್ಮನ ಹತ್ತಿರ ಮಾತು ಹೇಗೆ ಶುರು ಮಾಡುತ್ತಿದ್ದಳು? ಏನಮ್ಮ ಅಂತಲಾ? ಅಮ್ಮ ಅಂತ ಮಾತ್ರವಾ? ಬಟನ್ನಿಗೆ ಕೇಳಿಸಿದೆ, ಎರಡೂ ಥರ. ಎರಡೂ ನೀನೇ, ಅಂದಳು.

3.57

ಅಮ್ಮನಿಗೆ ತಡೆಯಲಾಗಿಲ್ಲ, ಆಗಲೇ ಹೊಡೆದುಕೊಳ್ಳುತ್ತಿದೆ. ಬಟನ್ ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ನಾಲ್ಕನೆಯ ರಿಂಗು. ಎತ್ತುತ್ತೇನೆ. ಅಮ್ಮ, ಅನ್ನುತ್ತೇನೆ, ಅಷ್ಟೇ, ಆಮೇಲೆ ಅವಳು, ನೀನು ಯಾರು ಅಂತ ಕೇಳಿದರೆ…